ನಿಮ್ಮ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಎಲ್ಲಿ ಹಾಕಬೇಕು? ನಮ್ಮ ಕಡೆಯ ಕ್ಯಾಮೆರಾದವರಿಗೊಂದು ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಮೇಲೆ ಮಂಜು ಇದ್ದರೆ ಸಾಕು. ಒಂಬತ್ತು ಗಂಟೆಯೊಳಗೆ ಅದೇ ಮಂಜು, ಅದೇ ಸೂರ್ಯ ಎಲ್ಲರ ಇನ್‌ಸ್ಟಾಗ್ರಾಮ್‌ಗೂ ಬಂದಿರುತ್ತದೆ. ಮಂಗಳವಾರ ಹುಡುಕಿದರೆ ಒಂದೂ ಕೈಗೆ ಸಿಗುವುದಿಲ್ಲ. ಅದೇ ಗುಡಿಬಂಡೆ ಕೋಟೆಯ ಫೋಟೋ ಬೇಕು ಅಂತ ಯಾರಾದರೂ ಗೂಗಲ್‌ನಲ್ಲಿ ಹುಡುಕಲಿ, ಎಷ್ಟೋ ವರ್ಷದ ಹಿಂದೆ ಯಾರೋ ಹೆಸರು, ಊರು ಬರೆದು ಹಾಕಿಟ್ಟಿದ್ದ ಫೋಟೋ ಇವತ್ತೂ ಎದುರಿಗೆ ಬರುತ್ತದೆ. ಫೋಟೋ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅದನ್ನು ಎಲ್ಲಿ ಹಾಕಿದಿರಿ, ಜೊತೆಗೆ ಏನು ಬರೆದಿರಿ ಅನ್ನುವುದೇ ಎಷ್ಟೋ ಸಲ ಅದರ ಆಯಸ್ಸನ್ನು ತೀರ್ಮಾನಿಸುತ್ತದೆ.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಕ್ಯಾಮೆರಾ ಹಿಡಿದು ಓಡಾಡುವ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಇನ್‌ಸ್ಟಾ ಒಂದಿದ್ದರೆ ಸಾಕಲ್ವಾ?"

"ಯಾರಿಗೆ ತೋರಿಸೋಕೆ ತಮ್ಮಾ?" ಅಂತ ವಾಪಸ್ ಕೇಳಿದರೆ ಸುಮ್ಮನಾಗುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಯಾರು ನೋಡಬೇಕು, ನೋಡಿ ಏನು ಮಾಡಬೇಕು?

ಒಂದು ಚೀಟಿ ತೆಗೆದುಕೊಂಡು ಒಂದೇ ಸಾಲು ಬರೆಯಿರಿ. "ನನ್ನ ಫೋಟೋವನ್ನು ಇಂಥವರು ನೋಡಬೇಕು, ನೋಡಿ ಇಂಥದ್ದು ಮಾಡಬೇಕು."

ಕೋಲಾರದಲ್ಲಿ ಸ್ಟುಡಿಯೋ ಇಟ್ಟವರಾದರೆ, "ಮದುವೆ ಗೊತ್ತಾದ ಮನೆಯವರು ನೋಡಬೇಕು, ನೋಡಿ ಫೋನ್ ಮಾಡಬೇಕು." ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ಹುಣಸೆ ಮರದ ಮೇಲಿನ ಬಣ್ಣದ ಕೊಕ್ಕರೆಗಳ ಫೋಟೋ ತೆಗೆಯುವ ವಿದ್ಯಾರ್ಥಿನಿಯಾದರೆ, "ಪಕ್ಷಿ ಬಗ್ಗೆ ಗೊತ್ತಿರುವವರು ನೋಡಬೇಕು, ಅದು ದಾಖಲೆ ಆಗಬೇಕು." ಮುಳಬಾಗಿಲು ಕಡೆ ಆವನಿ, ಕುರುಡುಮಲೆ ಅಂತ ಗುಡಿ ಸುತ್ತುವ ರಿಟೈರ್ಡ್ ಮೇಷ್ಟ್ರಾದರೆ, "ಹತ್ತು ವರ್ಷ ಬಿಟ್ಟು ಹುಡುಕುವವರಿಗೂ ಸಿಗಬೇಕು, ಅವರು ಪಾಠದಲ್ಲಿ ಬಳಸಬೇಕು."

"ಮನೆಯವರು, ನೆಂಟರು ನೋಡಿದರೆ ಸಾಕು" ಅಂತ ಬರೆದರೂ ತಪ್ಪೇನಿಲ್ಲ. ಹಾಗಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಒಂದು ಆಲ್ಬಮ್ ಮಾಡಿ ಲಿಂಕ್ ಕಳಿಸಿ, ಕೆಲಸ ಮುಗಿಯಿತು. ಅಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಡ್ರೈವ್ ಕೂಡ ಸೇರುತ್ತವೆ. ಎಷ್ಟು ಬೇಕಾದರೂ ತುಂಬಬಹುದು ಅನ್ನುವ ಕಾಲ 2021ರ ಜೂನ್‌ಗೇ ಮುಗಿದಿದೆ.

ಸಾಲು ಬರೆಯೋಕೆ ಆಗದಿದ್ದರೆ ಇನ್ನೂ ಯಾವ ಅಕೌಂಟೂ ತೆರೆಯಬೇಡಿ. ಸುಮ್ನೆ ಐದಾರು ಕಡೆ ಅಕೌಂಟ್ ಮಾಡಿ, ಪಾಸ್‌ವರ್ಡ್ ಮರೆತು, ಎಲ್ಲ ಕಡೆ ನಾಲ್ಕು ನಾಲ್ಕು ಫೋಟೋ ಬಿಟ್ಟು ಬಂದವರೇ ಜಾಸ್ತಿ.

ಹೆಜ್ಜೆ 2: ಹರಿಯುವ ಜಾಗವೋ, ನಿಲ್ಲುವ ಜಾಗವೋ?

ಫೋಟೋ ಹಾಕುವ ತಾಣಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸಂತೆ ಥರ. ಜನ ತುಂಬಾ ಬರುತ್ತಾರೆ, ಗದ್ದಲ ಇರುತ್ತದೆ, ಸಂಜೆಗೆ ಎಲ್ಲ ಖಾಲಿ. ಇನ್ನೊಂದು ಅಂಗಡಿ ಥರ. ದಿನಕ್ಕೆ ಬರುವವರು ಕಡಿಮೆ, ಆದರೆ ಹುಡುಕಿಕೊಂಡು ಬಂದವರಿಗೆ ಸರಕು ಅದೇ ಜಾಗದಲ್ಲಿ ಸಿಗುತ್ತದೆ.

ಇನ್‌ಸ್ಟಾಗ್ರಾಮ್ ಮೊದಲನೇ ಜಾತಿ. 2010ರಲ್ಲಿ ಫೋಟೋಗೆಂದೇ ಶುರುವಾದದ್ದು, 2012ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು, ಈಗ ಹೆಚ್ಚು ಓಡುವುದು ರೀಲ್ಸ್. ಎಷ್ಟೇ ದೊಡ್ಡ ಫೋಟೋ ಹಾಕಿದರೂ ಅಗಲವನ್ನು 1080 ಪಿಕ್ಸೆಲ್‌ಗೆ ಇಳಿಸುತ್ತದೆ. ಅಡ್ಡ ಫೋಟೋ ಫೋನಿನಲ್ಲಿ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಉದ್ದಕ್ಕೆ, 4:5 ಅಳತೆಯಲ್ಲಿ ಇಟ್ಟರೆ ಪರದೆ ತುಂಬ ನಿಲ್ಲುತ್ತದೆ. ಅದನ್ನೇ ಅಡ್ಡಕ್ಕೆ ತೆಗೆದರೆ ಹೆಬ್ಬೆರಳಿನ ಕೆಳಗೆ ಜಾರಿಹೋಗುತ್ತದೆ. ಪ್ರೊಫೈಲ್‌ನಲ್ಲಿ ಕಾಣುವ ಚೌಕಗಳನ್ನೂ 2025ರ ಜನವರಿಯಲ್ಲಿ ಉದ್ದ ಮಾಡಿದರು. ಒಂಬತ್ತು ಚೌಕ ಸೇರಿ ಒಂದು ದೊಡ್ಡ ಚಿತ್ರ ಕಾಣುವ ಹಾಗೆ ಜೋಡಿಸಿದ್ದವರ ಪಾಡು ಕೇಳಬೇಡಿ.

ಹಾಗಂತ ಇನ್‌ಸ್ಟಾ ಬೇಡ ಅನ್ನುವುದಿಲ್ಲ. ನಮ್ಮ ಊರಿನ ಜನ ಇರುವುದೇ ಅಲ್ಲಿ. ಗಿರಾಕಿ ಬೇಕಾದವರು ಅಲ್ಲಿ ಇರಲೇಬೇಕು. ಆದರೆ ಅಲ್ಲಿ ಇಟ್ಟದ್ದು ಉಳಿಯುತ್ತದೆ, ಯಾರಾದರೂ ಹುಡುಕಿ ಬರುತ್ತಾರೆ ಅಂದುಕೊಳ್ಳಬೇಡಿ.

ಫೇಸ್‌ಬುಕ್ಕೂ ಹೆಚ್ಚುಕಡಿಮೆ ಇದೇ. ಒಂದು ಅನುಕೂಲ ಇದೆ. ಸ್ಥಳೀಯ ಗ್ರೂಪ್‌ಗಳು ಇನ್ನೂ ಜೀವಂತ ಇರುವುದು ಅಲ್ಲೇ. ಊರಿನ ಹಳೇ ಫೋಟೋ ಹಾಕಿದರೆ "ಇದು ನಮ್ಮಜ್ಜ ಕಟ್ಟಿಸಿದ ಕಟ್ಟೆ" ಅಂತ ಯಾರಾದರೂ ಬರೆಯುವುದು ಫೇಸ್‌ಬುಕ್‌ನಲ್ಲೇ.

ಎರಡನೇ ಜಾತಿಗೆ ಒಳ್ಳೆಯ ಉದಾಹರಣೆ ಫ್ಲಿಕರ್. 2004ರಿಂದ ಇದೆ. ಯಾಹೂ ಕೈಯಲ್ಲಿ ಬಹಳ ವರ್ಷ ಇತ್ತು, 2018ರಲ್ಲಿ ಸ್ಮಗ್‌ಮಗ್ ಅನ್ನುವ ಫೋಟೋ ಕಂಪನಿಯೇ ಕೊಂಡುಕೊಂಡಿತು. ನೀವು ಹಾಕಿದ ಮೂಲ ಫೈಲ್ ಹಾಗೇ ಇರುತ್ತದೆ. ಯಾವ ಲೆನ್ಸ್, ಎಷ್ಟು ಶಟರ್, ಎಷ್ಟು ಐಎಸ್‌ಒ ಎಲ್ಲ ಫೋಟೋದ ಕೆಳಗೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಪಾಠ. ಆಲ್ಬಮ್, ಗ್ರೂಪ್, ಟ್ಯಾಗ್ ಎಲ್ಲ ಹುಡುಕೋಕೆ ಅನುಕೂಲ. ಉಚಿತ ಅಕೌಂಟ್‌ಗೆ 1000 ಫೋಟೋ ಮಿತಿ, ಅದರಲ್ಲಿ ಎಲ್ಲರಿಗೂ ಕಾಣದ ಹಾಗೆ ಇಡಬಹುದಾದದ್ದು 50 ಮಾತ್ರ. ನನ್ನ ಕೇಳಿದರೆ 1000 ಅನ್ನುವುದು ಮಿತಿಗಿಂತ ಉಪಕಾರ. ಸಾವಿರ ಒಳ್ಳೆಯ ಫೋಟೋ ಯಾರ ಹತ್ತಿರ ಇದೆ ಹೇಳಿ.

ಉಳಿದವು ಚುಟುಕಾಗಿ. 500ಪಿಎಕ್ಸ್ ಥಳಕಿನ ಲ್ಯಾಂಡ್‌ಸ್ಕೇಪ್‌ಗಳ ಜಾಗ, ಈಗ ಚೀನಾದ ಒಂದು ಕಂಪನಿಯದು. ಗ್ಲಾಸ್ ಅನ್ನುವ ಆ್ಯಪ್‌ಗೆ ದುಡ್ಡು ಕಟ್ಟಬೇಕು, ಜಾಹೀರಾತು ಇಲ್ಲ, ಗಲಾಟೆ ಇಲ್ಲ, ಕನ್ನಡದವರು ಸಿಗುವುದು ಅಪರೂಪ. ಪಿಕ್ಸೆಲ್‌ಫೆಡ್ ಯಾವ ಒಂದು ಕಂಪನಿಗೂ ಸೇರದ, ಬೇರೆ ಬೇರೆ ಸರ್ವರ್‌ಗಳಲ್ಲಿ ಓಡುವ ಇನ್‌ಸ್ಟಾ ಥರದ ತಾಣ. ತಂತ್ರಜ್ಞಾನದ ಹುಚ್ಚು ಇದ್ದವರು ನೋಡಬಹುದು.

ಎಲ್ಲರಿಗೂ ನಾನು ಹೇಳುವುದು ಇಷ್ಟು. ಹರಿಯುವ ಜಾಗ ಒಂದು, ನಿಲ್ಲುವ ಜಾಗ ಒಂದು, ಎರಡೇ ಇಟ್ಟುಕೊಳ್ಳಿ. ಮೊದಲು ನಿಲ್ಲುವ ಜಾಗದಲ್ಲಿ ಹೆಸರು, ವಿವರ ಸಮೇತ ಹಾಕಿ. ಆಮೇಲೆ ಅದರಲ್ಲೇ ಆರಿಸಿ ಹರಿಯುವ ಜಾಗಕ್ಕೆ ಬಿಡಿ. ಬಹಳ ಜನ ಉಲ್ಟಾ ಮಾಡುತ್ತಾರೆ. ಇನ್‌ಸ್ಟಾಗೆ ಹಾಕಿದ ಮೇಲೆ ಇನ್ನೊಂದು ಕಡೆ ಹಾಕುವ ಉತ್ಸಾಹವೇ ಉಳಿದಿರುವುದಿಲ್ಲ.

ಹೆಜ್ಜೆ 3: ಒಂದೇ ಫೋಟೋ ಮೂರು ಕಡೆ ಹಾಕಿ ನೋಡಿ

ಯಾರ ಮಾತೂ ನಂಬಬೇಡಿ, ನನ್ನ ಮಾತೂ ಸೇರಿ. ಪರೀಕ್ಷೆ ಮಾಡಿ. ಅದಕ್ಕೆ ಸಣ್ಣ ಸಣ್ಣ ಗೆರೆ, ನಾಜೂಕು ಬಣ್ಣ ಎರಡೂ ಇರುವ ಫೋಟೋ ಬೇಕು. ಶಿಡ್ಲಘಟ್ಟ ಕಡೆಯವರಿಗೆ ಇದು ಮನೆಯಲ್ಲೇ ಸಿಗುತ್ತದೆ. ರೇಷ್ಮೆ ಹುಳ ಗೂಡು ಕಟ್ಟಿದ ಚಂದ್ರಂಕಿಯನ್ನು, ಅಂದರೆ ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆಯನ್ನು, ಹತ್ತಿರದಿಂದ ತೆಗೆಯಿರಿ. ಬಿದಿರಿನ ಸುತ್ತುಗಳು, ಅದರ ನಡುವೆ ಗೂಡು, ಗೂಡಿನ ಸುತ್ತ ಕೂದಲಿಗಿಂತ ಸಣ್ಣ ಎಳೆ. ಮಿಶ್ರತಳಿ ಗೂಡಾದರೆ ಇನ್ನೂ ಒಳ್ಳೆಯದು. ಆ ತೆಳು ಹಳದಿ ಸ್ವಲ್ಪ ಏರುಪೇರಾದರೂ ಕಣ್ಣಿಗೆ ಗೊತ್ತಾಗುತ್ತದೆ. ದ್ವಿತಳಿಯಾದರೆ ಬಿಳಿ, ಅದು ಬಣ್ಣಕ್ಕೆ ಅಷ್ಟು ಒಳ್ಳೆಯ ಪರೀಕ್ಷೆ ಅಲ್ಲ.

ಫೋಟೋವನ್ನು ಎಸ್‌ಆರ್‌ಜಿಬಿ (ಫೋನ್, ವೆಬ್‌ಸೈಟ್‌ಗಳು ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯವಸ್ಥೆ) ಬಣ್ಣದಲ್ಲಿ, ಉದ್ದದ ಬದಿ 2048 ಪಿಕ್ಸೆಲ್ ಇಟ್ಟು, ಜೆಪೆಗ್ ಗುಣಮಟ್ಟ 85ರ ಆಸುಪಾಸಿನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಅಡೋಬ್ ಆರ್‌ಜಿಬಿಯಲ್ಲೇ ಬಿಟ್ಟರೆ ಎಷ್ಟೋ ಕಡೆ ಬಣ್ಣ ಸಪ್ಪೆಯಾಗುತ್ತದೆ. "ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು, ಫೋನ್‌ನಲ್ಲಿ ಸತ್ತುಹೋಗಿದೆ" ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಈಗ ಅದೇ ಫೈಲನ್ನು ಇನ್‌ಸ್ಟಾಗ್ರಾಮ್, ಫ್ಲಿಕರ್, ವಾಟ್ಸಾಪ್ ಮೂರಕ್ಕೂ ಹಾಕಿ. ನಿಮ್ಮ ಫೋನಿನಲ್ಲಿ ನೋಡಿ. ಮನೆಯಲ್ಲಿ ಅಮ್ಮನ ಹಳೇ ಫೋನ್ ಇದ್ದರೆ ಅದರಲ್ಲೂ ನೋಡಿ. ನಿಮ್ಮ ಫೋಟೋ ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅಂಥ ಫೋನೇ. ಮೂರು ವಿಷಯ ಗಮನಿಸಿ. ಎಳೆಗಳು ಬಿಡಿಬಿಡಿಯಾಗಿವೆಯೋ, ಹತ್ತಿ ಮುದ್ದೆ ಆಗಿವೆಯೋ? ಹಳದಿ ಹಳದಿಯಾಗೇ ಇದೆಯೋ? ಅಂಚು ಎಲ್ಲಾದರೂ ಕತ್ತರಿಸಿದೆಯೋ?

ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. 2023ರಿಂದ ಎಚ್‌ಡಿ ಗುಂಡಿ ಬಂದಿದೆ, ಅದೂ ಪೂರ್ತಿ ಮೂಲ ಅಲ್ಲ. ಮೂಲ ಫೈಲೇ ಹೋಗಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಆಲ್ಬಮ್ ಪ್ರಿಂಟ್‌ಗೆ ಗಿರಾಕಿಯಿಂದ ಫೋಟೋ ತರಿಸಿಕೊಳ್ಳುವ ಸ್ಟುಡಿಯೋದವರು ಈ ಒಂದು ಮಾತನ್ನು ಗೋಡೆಗೆ ಅಂಟಿಸಬಹುದು.

ಹೆಜ್ಜೆ 4: ಷರತ್ತು ಓದಿ, ಕನಿಷ್ಠ ಇಷ್ಟಾದರೂ

ಫೋಟೋ ತೆಗೆದ ಕ್ಷಣದಿಂದಲೇ ಹಕ್ಕುಸ್ವಾಮ್ಯ ಹುಟ್ಟುತ್ತದೆ. ನೋಂದಣಿ ಮಾಡಿಸಲೇಬೇಕು ಅಂತ ಇಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ, ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮುಂದಿನ ವರ್ಷದ ಶುರುವಿನಿಂದ 60 ವರ್ಷವೂ ಅದು ನಡೆಯುತ್ತದೆ. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಅದೇ ಕಾಯ್ದೆಯ 17ನೇ ಸೆಕ್ಷನ್. ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಆ ಫೋಟೋದ ಹಕ್ಕಿನ ಮೊದಲ ಮಾಲೀಕರು ತೆಗೆಸಿದವರೇ! ಅಂದರೆ ಮದುವೆ ಫೋಟೋವನ್ನು ಸ್ಟುಡಿಯೋದವರು ಸುಮ್ನೆ ಇನ್‌ಸ್ಟಾಗೆ ಹಾಕಿಕೊಳ್ಳುವುದು ಅಷ್ಟು ಸಲೀಸಲ್ಲ. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ರಸೀದಿಯಲ್ಲಿ ಒಂದು ಸಾಲು ಸೇರಿಸಿ. "ಆಯ್ದ ಫೋಟೋಗಳನ್ನು ನಮ್ಮ ಕೆಲಸದ ಮಾದರಿಯಾಗಿ ಆನ್‌ಲೈನ್‌ನಲ್ಲಿ ಹಾಕಲು ಒಪ್ಪಿಗೆ ಇದೆ / ಇಲ್ಲ." ಟಿಕ್ ಮಾಡಿಸಿ, ಸಹಿ ಹಾಕಿಸಿ. ಹುಡುಗಿ ಮನೆಯವರು ಇಲ್ಲ ಅಂದರೆ ಇಲ್ಲ ಅಷ್ಟೇ.

ಇನ್ನು ತಾಣಗಳ ಷರತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ನಿಮ್ಮದಾಗೇ ಉಳಿಯುತ್ತದೆ. ಆದರೆ ಅದನ್ನು ಬಳಸಲು, ಬೇರೆಯವರಿಗೆ ಬಳಸಲು ಕೊಡಲು ಕಂಪನಿಗೆ ನೀವು ಪುಕ್ಕಟೆ ಅನುಮತಿ ಕೊಟ್ಟಿರುತ್ತೀರಿ. ಎಲ್ಲರಿಗೂ ಕಾಣುವ ಪೋಸ್ಟ್‌ಗಳನ್ನು ಎಐ ತರಬೇತಿಗೆ ಬಳಸುತ್ತೇವೆ ಅಂತ ಅವರೇ ಹೇಳಿದ್ದಾರೆ. ಇದು ಒಪ್ಪಿಗೆ ಇಲ್ಲ ಅನ್ನುವವರು ಅಲ್ಲಿ ಹಾಕದಿರುವುದೇ ದಾರಿ.

ಅನ್‌ಸ್ಪ್ಲ್ಯಾಶ್ ಅಂತ ಒಂದಿದೆ. ಅಲ್ಲಿ ಹಾಕಿದ ಫೋಟೋವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ನಿಮ್ಮ ಹೆಸರೂ ಹೇಳದೆ ಬಳಸಬಹುದು. ಕೊಟ್ಟ ಅನುಮತಿ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಲಕ್ಷಗಟ್ಟಲೆ ವ್ಯೂಸ್ ಬರುತ್ತವೆ ಅಂತ ಹುಡುಗರು ಖುಷಿ ಪಡುತ್ತಾರೆ. ನಿಮ್ಮ ಸ್ಕಂದಗಿರಿ ಮೋಡ ನಾಳೆ ಯಾವುದೋ ಸೈಟಿನ ಲೇಔಟ್ ಜಾಹೀರಾತಿನಲ್ಲಿ ಬಂದರೆ ಬೇಜಾರು ಮಾಡಿಕೊಳ್ಳಬಾರದು, ಅಷ್ಟೇ. ನನಗಂತೂ ಇದು ಇಷ್ಟ ಇಲ್ಲ. ಕೊಡುವುದೇ ಆದರೆ ಹೆಸರು ಉಳಿಯುವ ಕಡೆ ಕೊಡೋಣ. ಅದು ಮುಂದೆ ಬರುತ್ತದೆ.

ವಾಟರ್‌ಮಾರ್ಕ್ ಬಗ್ಗೆ ಎರಡು ಮಾತು. ಫೋಟೋದ ಎದೆ ಮೇಲೆ ಬಂಗಾರದ ಅಕ್ಷರದಲ್ಲಿ ಹೆಸರು ಬರೆದರೆ ಕದಿಯುವವನು ಕದಿಯುತ್ತಾನೆ, ನೋಡುವವನು ಮಾತ್ರ ಮುಖ ತಿರುಗಿಸುತ್ತಾನೆ. ಸಣ್ಣ ಅಳತೆಯಲ್ಲಿ ಹಾಕಿ, ಫೈಲಿನ ಒಳಗಿನ ಮಾಹಿತಿಯಲ್ಲಿ ಹೆಸರು ಸೇರಿಸಿ. ಆಗಾಗ ಗೂಗಲ್ ಲೆನ್ಸ್‌ನಲ್ಲಿ ನಿಮ್ಮ ಒಳ್ಳೆಯ ಫೋಟೋ ಎಲ್ಲೆಲ್ಲಿ ಓಡಾಡುತ್ತಿದೆ ಅಂತ ಹುಡುಕಿ ನೋಡಿ.

ಹೆಜ್ಜೆ 5: ನಿಮ್ಮ ಕೆಲಸಕ್ಕೆ ತಕ್ಕ ಜಾಗ

*ಸ್ಟುಡಿಯೋದವರಿಗೆ.* ಇನ್‌ಸ್ಟಾಕ್ಕಿಂತ ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಬಿಸಿನೆಸ್ ಪ್ರೊಫೈಲ್ ಸರಿ ಮಾಡಿ. ಉಚಿತ. ಜನ ಹುಡುಕುವುದು "ಹತ್ತಿರದ ಫೋಟೋ ಸ್ಟುಡಿಯೋ" ಅಂತ. ಅಲ್ಲಿ ಅಂಗಡಿ ಬೋರ್ಡಿನ ಒಂದು ಮಬ್ಬು ಫೋಟೋ ಮಾತ್ರ ಇದ್ದರೆ ನಿಮ್ಮ ಕೆಲಸ ಹೇಗೆ ಗೊತ್ತಾಗಬೇಕು? ಒಳ್ಳೆಯದು ಹತ್ತು ಹದಿನೈದು ಹಾಕಿ, ಸಮಯ, ಫೋನ್ ನಂಬರ್ ಸರಿ ಇದೆಯಾ ನೋಡಿ. ಗಿರಾಕಿಗೆ ಫೋಟೋ ತಲುಪಿಸೋಕೆ ಪಿಕ್ಸಿಸೆಟ್ ಥರದ ಗ್ಯಾಲರಿಗಳಿವೆ. ಲಿಂಕ್ ಮತ್ತು ಪಾಸ್‌ವರ್ಡ್ ಕೊಟ್ಟರೆ ಮನೆಯವರೆಲ್ಲ ಕೂತು ಆಲ್ಬಮ್‌ಗೆ ಬೇಕಾದ್ದನ್ನು ಆರಿಸುತ್ತಾರೆ. ಪೆನ್‌ಡ್ರೈವ್ ಓಡಾಟ ತಪ್ಪುತ್ತದೆ.

*ಗುಡಿ, ಕೋಟೆ, ವೀರಗಲ್ಲು ಸುತ್ತುವವರಿಗೆ.* ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನಮ್ಮ ಮೂರೂ ಜಿಲ್ಲೆಯಲ್ಲಿ ಮಾಡುವ ಕೆಲಸ ಬೆಟ್ಟದಷ್ಟಿದೆ.

ವಿಕಿಮೀಡಿಯ ಕಾಮನ್ಸ್ ಅನ್ನುವುದು ವಿಕಿಪೀಡಿಯದ ಚಿತ್ರಗಳ ಉಗ್ರಾಣ, 2004ರಿಂದ ಇದೆ. ಕನ್ನಡ ವಿಕಿಪೀಡಿಯದ ಪುಟಗಳಲ್ಲಿ ನೀವು ನೋಡುವ ಚಿತ್ರಗಳು ಬಹುತೇಕ ಅಲ್ಲಿಂದಲೇ ಬರುತ್ತವೆ. ಅಲ್ಲಿ ಹಾಕಿದರೆ ಯಾರು ಬೇಕಾದರೂ ಬಳಸಬಹುದು, ಆದರೆ ಸಿಸಿ ಬೈ-ಎಸ್‌ಎ ಅನ್ನುವ ಲೈಸೆನ್ಸ್ ಆರಿಸಿದರೆ ನಿಮ್ಮ ಹೆಸರು ಹೇಳಲೇಬೇಕು. ವ್ಯಾಪಾರಕ್ಕೂ ಬಳಸಬಹುದು, ಈ ಅನುಮತಿಯನ್ನೂ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಮಾರಬೇಕು ಅಂದುಕೊಂಡ ಫೋಟೋ ಅಲ್ಲಿ ಹಾಕಬೇಡಿ. ಸೆಲ್ಫಿ, ಹುಟ್ಟುಹಬ್ಬ ಅಲ್ಲಿಗೆ ಬೇಡ. ನೀವೇ ತೆಗೆದದ್ದಾಗಿರಬೇಕು. ವಾಟ್ಸಾಪ್‌ನಲ್ಲಿ ಬಂದದ್ದು ಹಾಕಿದರೆ ಅಳಿಸುತ್ತಾರೆ.

ಕೋಲಾರಮ್ಮ ಗುಡಿ, ಭೋಗನಂದೀಶ್ವರ ಇವುಗಳ ಫೋಟೋ ಬೇಕಾದಷ್ಟಿವೆ. ಕೊರತೆ ಇರುವುದು ಊರಾಚೆ ಹೊಲದ ಬದುವಿನ ಮೇಲೆ ವಾಲಿಕೊಂಡಿರುವ ವೀರಗಲ್ಲಿನದು. ರಸ್ತೆ ಅಗಲ ಮಾಡುವಾಗ, ಬೋರ್‌ವೆಲ್ ಲಾರಿ ತಿರುಗಿಸುವಾಗ ಮೊದಲು ಹೋಗುವುದೂ ಅದೇ. ಅಂಥ ಕಲ್ಲು ಸಿಕ್ಕರೆ ಮೂರು ಫೋಟೋ ತೆಗೆಯಿರಿ. ಒಂದು ಎದುರಿನಿಂದ ಪೂರ್ತಿ ಕಲ್ಲು. ಇನ್ನೊಂದು ಸುತ್ತಲಿನ ಜಾಗ ಕಾಣುವ ಹಾಗೆ. ಮತ್ತೊಂದು ಅಕ್ಷರ ಇದ್ದರೆ ಅಕ್ಷರದ್ದು, ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ. ನೆತ್ತಿ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಕಲ್ಲಿನ ಮೇಲೆ ಸೀಮೆಸುಣ್ಣ, ಎಣ್ಣೆ ಏನೂ ಬಳಿಯಬೇಡಿ.

ಅಪ್‌ಲೋಡ್ ಮಾಡುವಾಗ ಭಾಷೆಯಲ್ಲಿ ಕನ್ನಡ ಆರಿಸಿ ವಿವರ ಬರೆಯಬಹುದು. ಊರು, ಹೋಬಳಿ, ತಾಲ್ಲೂಕು ಬರೆಯಿರಿ. ಶಾಸನ ಇದ್ದರೆ ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನಗಳ ಪುಸ್ತಕಮಾಲೆಯ ಹಳೆಯ ಆವೃತ್ತಿಯಲ್ಲಿ ಹುಡುಕಿ. 10ನೇ ಸಂಪುಟ ಕೋಲಾರ ಜಿಲ್ಲೆಯದು, 12ನೇದು ತುಮಕೂರಿನದು. ಚಿಕ್ಕಬಳ್ಳಾಪುರ 2007ರಲ್ಲಷ್ಟೇ ಬೇರೆ ಜಿಲ್ಲೆ ಆದದ್ದು, ಹಾಗಾಗಿ ಅಲ್ಲಿನ ಊರುಗಳನ್ನೂ ಕೋಲಾರದ ಸಂಪುಟದಲ್ಲೇ ನೋಡಬೇಕು. ಶಾಸನದ ನಂಬರ್ ಸಿಕ್ಕಿ ಅದನ್ನು ವಿವರದಲ್ಲಿ ಬರೆದರೆ, ನಿಮ್ಮ ಫೋನ್ ಫೋಟೋ ಕೂಡ ಸಂಶೋಧಕರಿಗೆ ಬೇಕಾದ ವಸ್ತುವಾಗುತ್ತದೆ.

ಕಟ್ಟಡ, ಶಿಲ್ಪ ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ಇದ್ದರೆ ಅದರ ಫೋಟೋ ಪ್ರಕಟಿಸೋಕೆ ನಮ್ಮ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಗೋಡೆ ಮೇಲೆ ಈಗಿನ ಕಲಾವಿದರು ಬರೆದ ಬಣ್ಣದ ಚಿತ್ರಕ್ಕೆ ಈ ರಿಯಾಯಿತಿ ಇಲ್ಲ. ವಿಕಿ ಲವ್ಸ್ ಮಾನ್ಯುಮೆಂಟ್ಸ್ ಅನ್ನುವ ಸ್ಪರ್ಧೆಯೂ ಇದೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಭಾರತ 2012ರಲ್ಲಿ ಸೇರಿಕೊಂಡಿತು.

*ಹಕ್ಕಿ, ಚಿಟ್ಟೆ, ಹಾವು ಅಂತ ಓಡಾಡುವವರಿಗೆ.* ಇ-ಬರ್ಡ್ ಮತ್ತು ಐನ್ಯಾಚುರಲಿಸ್ಟ್. ಇ-ಬರ್ಡ್ ಹಕ್ಕಿಗಳಿಗೆ ಮಾತ್ರ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ್ದು. ಅಲ್ಲಿ ಫೋಟೋಗಿಂತ ಪಟ್ಟಿ ಮುಖ್ಯ. ಯಾವ ಕೆರೆಯಲ್ಲಿ, ಎಷ್ಟು ಹೊತ್ತು, ಯಾವ ಹಕ್ಕಿ ಎಷ್ಟು. ಫೋಟೋ ಅದಕ್ಕೆ ಸಾಕ್ಷಿ. ಐನ್ಯಾಚುರಲಿಸ್ಟ್‌ಗೆ ಗಿಡ, ಹುಳ, ಹಾವು ಏನು ಬೇಕಾದರೂ ಹಾಕಬಹುದು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬೇರೆಯವರು ಗುರುತಿಸುತ್ತಾರೆ. ಮೈದೇನಹಳ್ಳಿಯ ಕೃಷ್ಣಮೃಗದ ಫೋಟೋ ಇನ್‌ಸ್ಟಾದಲ್ಲಿ ಲೈಕ್ ತರುತ್ತದೆ. ಇಲ್ಲಿ ದಿನಾಂಕ, ಜಾಗದ ಸಮೇತ ದಾಖಲೆ ಆಗಿ ಕೂರುತ್ತದೆ. ಮಬ್ಬು ಫೋಟೋ ಆದರೂ ಗುರುತು ಸಿಕ್ಕರೆ ಇಲ್ಲಿ ಬೆಲೆ ಇದೆ.

*ಕಲಿಯಬೇಕು ಅನ್ನುವವರಿಗೆ.* ಇನ್‌ಸ್ಟಾದಲ್ಲಿ "ಬೆಂಕಿ ಬ್ರೋ" ಬಿಟ್ಟರೆ ಬೇರೆ ವಿಮರ್ಶೆ ಸಿಗುವುದಿಲ್ಲ. ಫ್ಲಿಕರ್‌ನ ಸಣ್ಣ ಗ್ರೂಪ್‌ಗಳಲ್ಲಿ ಸ್ವಲ್ಪ ಸಿಗುತ್ತದೆ. ನಿಜವಾದ ತಿದ್ದುವಿಕೆ ಬೇಕಿದ್ದರೆ ಯಾವುದಾದರೂ ಕ್ಲಬ್‌ಗೆ ಹೋಗಿ ಕೂರಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರದ್ದು, ನಮ್ಮ ಮೂರೂ ಜಿಲ್ಲೆಯಿಂದ ಬಸ್ಸಿನ ದಾರಿ.

ದುಡ್ಡು? ಶಟರ್‌ಸ್ಟಾಕ್, ಅಡೋಬ್ ಸ್ಟಾಕ್ ಥರದ ಫೋಟೋ ಮಾರುವ ತಾಣಗಳು ಇವೆ. ಒಂದು ಫೋಟೋಗೆ ಸಿಗುವುದು ಚಿಲ್ಲರೆ ಕಾಸು. ಮುಖ ಕಾಣುವ ಪ್ರತಿಯೊಬ್ಬರಿಂದಲೂ ಸಹಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಸೂರ್ಯೋದಯ ಅಲ್ಲಿ ಯಾರಿಗೂ ಬೇಡ. ಟೊಮೆಟೊ ಗ್ರೇಡಿಂಗ್, ಹನಿ ನೀರಾವರಿ, ಪಾವಗಡದ ಸೋಲಾರ್ ಫಲಕ ಇಂಥ ಕೆಲಸದ ಚಿತ್ರಗಳಿಗೆ ಗಿರಾಕಿ ಸಿಕ್ಕರೂ ಸಿಗಬಹುದು.

ಹೆಜ್ಜೆ 6: ಜಾಗದ ಗುರುತು ಬಿಟ್ಟುಕೊಡಬೇಕೋ ಬೇಡವೋ

ಫೋನಿನ ಫೋಟೋ ಒಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ಇನ್‌ಸ್ಟಾಗೆ ಹಾಕಿದಾಗ ಅದು ನೋಡುವವರಿಗೆ ಕಾಣುವುದಿಲ್ಲ. ಮೂಲ ಫೈಲ್ ಇಡುವ ತಾಣಗಳಲ್ಲಿ ಉಳಿದುಕೊಳ್ಳಬಹುದು. ಸೆಟ್ಟಿಂಗ್ ನೋಡಿಕೊಳ್ಳಿ. ಮನೆಯಲ್ಲಿ ತೆಗೆದ ಮಗುವಿನ ಫೋಟೋಗೆ ಜಾಗ ತೆಗೆದುಹಾಕಿ. ವೀರಗಲ್ಲಿಗೆ ಬೇಕೇ ಬೇಕು, ಇಡಿ.

ಕಾಡುಪಾಪ, ನಕ್ಷತ್ರ ಆಮೆ ಸಿಕ್ಕರೆ ಊರಿನ ಹೆಸರೂ ಬರೆಯಬೇಡಿ. ತುಮಕೂರು ಕಡೆ ಕಾಡುಪಾಪ ಇರುವುದು ಗೊತ್ತಿರುವ ವಿಷಯ. ಮಾಟಮಂತ್ರಕ್ಕೆ ಅಂತ ಅದನ್ನು ಹಿಡಿಯುವವರೂ ಇದ್ದಾರೆ. ನಕ್ಷತ್ರ ಆಮೆಗೆ ಕಳ್ಳಸಾಗಣೆ ಕಾಟ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಾಣಿಗಳ ಜಾಗವನ್ನು ತಾನೇ ಮಸುಕು ಮಾಡುತ್ತದೆ. ಇನ್‌ಸ್ಟಾದ ಲೊಕೇಶನ್ ಟ್ಯಾಗ್ ಮಾಡುವುದಿಲ್ಲ. ಗೂಡಿನ ಫೋಟೋ ಹಾಕುವ ಮೊದಲೂ ಎರಡು ಸಲ ಯೋಚಿಸಿ. ಕಗ್ಗಲಡುವಿನಲ್ಲಾದರೆ ಕೊಕ್ಕರೆಗಳನ್ನು ಇಡೀ ಊರು ಕಾಯುತ್ತದೆ. ಎಲ್ಲ ಕಡೆ ಹಾಗಿಲ್ಲ.

ಜನರ ಫೋಟೋಗೆ ನಿಯಮ ಇನ್ನೂ ಸರಳ. ಕೇಳಿ. "ಅಣ್ಣಾ, ಒಂದು ಫೋಟೋ ತಗೊಳ್ಲಾ? ಇಂಟರ್‌ನೆಟ್‌ಗೆ ಹಾಕ್ತೀನಿ" ಅಂದರೆ ಟೊಮೆಟೊ ಮಂಡಿಯಲ್ಲಿ ಹಮಾಲಿ ಮಾಡುವವರೂ ನಕ್ಕು ಹ್ಞೂಂ ಅನ್ನುತ್ತಾರೆ. ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಸಿ. ಫೋಟೋ ಅವರ ಫೋನಿಗೂ ಕಳಿಸಿ, ಮುಂದಿನ ಸಲ ಅವರೇ ಕರೆಯುತ್ತಾರೆ.

ಹೆಜ್ಜೆ 7: ಕನ್ನಡದಲ್ಲಿ ವಿವರ ಬರೆಯಿರಿ

"ಗೋಲ್ಡನ್ ಅವರ್ ವೈಬ್ಸ್" ಅಂತ ಬರೆದರೆ ಅದನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಇದನ್ನು ನೋಡಿ. "ಶೃಂಗಿ ತೀರ್ಥ ಕಲ್ಯಾಣಿ, ಭೋಗನಂದೀಶ್ವರ ದೇವಸ್ಥಾನ, ನಂದಿ ಗ್ರಾಮ, ಚಿಕ್ಕಬಳ್ಳಾಪುರ. ಬೆಳಗಿನ ಬಿಸಿಲು, ನೀರು ಮೂರು ಮೆಟ್ಟಿಲು ಕೆಳಗೆ." ಹುಡುಕುವವರಿಗೆ ಬೇಕಾದ ಎಲ್ಲ ಹೆಸರೂ ಇದರಲ್ಲಿದೆ. ನೀರಿನ ಮಟ್ಟ ಬರೆದದ್ದು ಐದು ವರ್ಷ ಬಿಟ್ಟು ಯಾರಿಗೋ ಉಪಯೋಗಕ್ಕೆ ಬರುತ್ತದೆ.

ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾಯಿತು, ಜನ ಇನ್ನೂ ಹಳೆಯದರಲ್ಲೂ ಹುಡುಕುತ್ತಾರೆ. ಎರಡೂ ಇರಲಿ.

ಸ್ಟುಡಿಯೋ, ಡಿಟಿಪಿ ಮಾಡುವವರಿಗೆ ಒಂದು ಎಚ್ಚರಿಕೆ. ಫೋಟೋಶಾಪ್‌ನಲ್ಲಿ ಬಳಸುವ ಹಳೇ ನುಡಿ ಫಾಂಟಿನ ಅಕ್ಷರವನ್ನು ಹಾಗೇ ಕಾಪಿ ಮಾಡಿ ಅಂಟಿಸಿದರೆ ಆನ್‌ಲೈನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು, ಅಂದರೆ ಫೋನಿನ ಕನ್ನಡ ಕೀಬೋರ್ಡ್ ಸಾಕು.

ಹೆಜ್ಜೆ 8: ತಾಣ ಮುಚ್ಚಿದರೆ?

ಮುಚ್ಚುತ್ತವೆ. ಆರ್ಕುಟ್ 2014ರಲ್ಲಿ ಹೋಯಿತು. ಪಿಕಾಸಾ 2016ರಲ್ಲಿ. ಜಾಗದ ಗುರುತಿನ ಸಮೇತ ಫೋಟೋ ಹಾಕಿ ಗೂಗಲ್ ಅರ್ಥ್‌ನಲ್ಲಿ ನೋಡುತ್ತಿದ್ದ ಪನೋರಮಿಯೋ ಕೂಡ ಅದೇ ವರ್ಷ. ಫೋಟೋಗ್ರಾಫರ್‌ಗಳು ಬಹಳ ಮೆಚ್ಚಿದ್ದ ಗೂಗಲ್ ಪ್ಲಸ್ 2019ರಲ್ಲಿ. ಮುಚ್ಚದಿದ್ದರೂ ನಿಯಮ ಬದಲಾಗುತ್ತದೆ. 500ಪಿಎಕ್ಸ್ 2018ರಲ್ಲಿ ತನ್ನ ಮಾರಾಟದ ಕಟ್ಟೆಯನ್ನೂ, ಕ್ರಿಯೇಟಿವ್ ಕಾಮನ್ಸ್ ಸೌಲಭ್ಯವನ್ನೂ ತೆಗೆದುಬಿಟ್ಟಿತು. ಫ್ಲಿಕರ್ ಮೊದಲು ಉಚಿತವಾಗಿ ಒಂದು ಟೆರಾಬೈಟ್ ಕೊಡುತ್ತಿತ್ತು, ಆಮೇಲೆ ಬಂದದ್ದೇ ಆ ಸಾವಿರದ ಮಿತಿ.

ಆದ್ದರಿಂದ ಯಾವ ತಾಣವನ್ನೂ ಬೀರು ಅಂದುಕೊಳ್ಳಬೇಡಿ. ಮೂಲ ಫೈಲ್ ಮೂರು ಕಡೆ ಇರಲಿ. ಕಂಪ್ಯೂಟರ್‌ನಲ್ಲಿ ಒಂದು, ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಮನೆಯಿಂದ ಆಚೆ ಒಂದು. ಆಚೆಯದು ಕ್ಲೌಡ್ ಆದರೂ ಸರಿ, ತಂಗಿ ಮನೆಯಲ್ಲಿಟ್ಟ ಹಾರ್ಡ್‌ಡಿಸ್ಕ್ ಆದರೂ ಸರಿ.

ಗಂಭೀರವಾಗಿ ಮಾಡುವವರು ಸ್ವಂತ ಡೊಮೇನ್ ಹೆಸರು ತೆಗೆದುಕೊಳ್ಳಿ. ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿ ಆಸುಪಾಸು. ಮೊದಲ ವರ್ಷದ ಆಫರ್ ನೋಡಿ ಮರುಳಾಗದೆ, ರಿನೀವಲ್ ಎಷ್ಟು ಅಂತ ನೋಡಿ. ಆ ಹೆಸರನ್ನು ಸದ್ಯಕ್ಕೆ ನಿಮ್ಮ ಫ್ಲಿಕರ್ ಪುಟಕ್ಕೇ ತಿರುಗಿಸಿದರೂ ಸಾಕು. ವಿಸಿಟಿಂಗ್ ಕಾರ್ಡಿನಲ್ಲಿ ಅದೊಂದೇ ವಿಳಾಸ ಇರಲಿ. ನಾಳೆ ತಾಣ ಬದಲಾದರೆ ಕಾರ್ಡ್ ಬದಲಾಯಿಸಬೇಕಿಲ್ಲ. ಅಡೋಬ್‌ನ ಫೋಟೋಗ್ರಫಿ ಪ್ಲ್ಯಾನ್‌ಗೆ ಈಗಾಗಲೇ ದುಡ್ಡು ಕಟ್ಟುತ್ತಿದ್ದರೆ ಅದರ ಜೊತೆಗೇ ಪೋರ್ಟ್‌ಫೋಲಿಯೋ ಸೈಟ್ ಬರುತ್ತದೆ, ಎಷ್ಟೋ ಜನ ಅದನ್ನು ತೆರೆದೇ ನೋಡಿರುವುದಿಲ್ಲ.

ಹೆಜ್ಜೆ 9: ಇಪ್ಪತ್ತರಿಂದ ಶುರು

ಇರುವುದನ್ನೆಲ್ಲ ಸುರಿಯಬೇಡಿ. ಇಪ್ಪತ್ತು ಫೋಟೋ ಆರಿಸಿ. ಒಂದೇ ಸೂರ್ಯೋದಯದ ನಾಲ್ಕು ಫೋಟೋ ಇದ್ದರೆ ಮೂರು ತೆಗೆಯಿರಿ. ಆರಿಸೋಕೆ ಆಗದಿದ್ದರೆ ಫೋಟೋ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಮುಂದೆ ಇಡಿ, ಅವರ ಬೆರಳು ಎಲ್ಲಿ ನಿಲ್ಲುತ್ತದೆ ನೋಡಿ.

ಹೆಜ್ಜೆ 1ರ ಚೀಟಿಗೆ ತಕ್ಕ ಎರಡು ಜಾಗಕ್ಕೆ ಅವನ್ನು ಹಾಕಿ. ಎರಡೂ ಕಡೆ ಎರಡು ಹಂತದ ಲಾಗಿನ್ ಆನ್ ಮಾಡಿ. ಅಕೌಂಟ್ ಕಳೆದುಕೊಂಡ ಸ್ಟುಡಿಯೋಗಳ ಕಥೆ ಊರಿಗೊಂದಿದೆ. ಸ್ಪರ್ಧೆಗೆ ಕಳಿಸುವ ಯೋಚನೆ ಇರುವ ಫೋಟೋ ಇದ್ದರೆ ಮೊದಲು ಸ್ಪರ್ಧೆಯ ನಿಯಮ ಓದಿ. ಎಲ್ಲೂ ಪ್ರಕಟವಾಗಿರಬಾರದು ಅಂತ ಕೆಲವರು ಕೇಳುತ್ತಾರೆ.

ಮೂರು ತಿಂಗಳು ಬಿಟ್ಟು ಲೈಕ್ ಎಣಿಸುವ ಬದಲು ಚೀಟಿ ತೆಗೆದು ನೋಡಿ. ಫೋನ್ ಬರಬೇಕಿತ್ತು, ಬಂತಾ? ಹಕ್ಕಿ ಗುರುತಾಗಬೇಕಿತ್ತು, ಆಯಿತಾ? ನಿಮ್ಮ ಊರಿನ ಗುಡಿಯ ಹೆಸರನ್ನು ಕನ್ನಡದಲ್ಲಿ ಗೂಗಲ್ ಮಾಡಿದರೆ ನಿಮ್ಮ ಫೋಟೋ ಬರುತ್ತಿದೆಯಾ? ಇಲ್ಲ ಅಂದರೆ ಮೊದಲು ವಿವರ ತಿದ್ದಿ, ಆಮೇಲೆ ಜಾಗ ಬದಲಾಯಿಸುವ ಮಾತು.

ಅದೇ ದಿನ ಇನ್ನೊಂದು ಕೆಲಸ ಮುಗಿಸಿ. ಎರಡೂ ತಾಣಗಳ ಸೆಟ್ಟಿಂಗ್‌ನಲ್ಲಿ ನಿಮ್ಮ ಡೇಟಾ ಡೌನ್‌ಲೋಡ್ ಮಾಡಿಕೊಳ್ಳುವ ದಾರಿ ಇರುತ್ತದೆ. ಒಂದು ಸಲ ಅರ್ಜಿ ಹಾಕಿ, ಬಂದ ಜಿಪ್ ಫೈಲ್ ಬಿಚ್ಚಿ. ಫೋಟೋ ಯಾವ ಅಳತೆಯಲ್ಲಿ ವಾಪಸ್ ಬಂದಿದೆ, ನೀವು ಬರೆದ ಕನ್ನಡ ವಿವರ ಜೊತೆಗಿದೆಯಾ ನೋಡಿ. ವಿವರ ಬಂದಿಲ್ಲದಿದ್ದರೆ ಅವನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಫೈಲ್ ಹೆಸರಿನ ಎದುರು ಬರೆದಿಟ್ಟುಕೊಳ್ಳಿ.